ಮುಟ್ಟು ಒಂದೊಂದು ಸಲ ಒಂದೊಂದು ಥರ ಬರುತ್ತಿದೆ, ಕಾಯಬೇಕಾ, ಡಾಕ್ಟರ್ ಹತ್ತಿರ ಹೋಗಬೇಕಾ?

ನೀವು ಪ್ರಶ್ನೆ ಜೊತೆ ಎಷ್ಟೆಷ್ಟು ದಿನಕ್ಕೆ ಮುಟ್ಟಾಯಿತು ಅಂತ ಎಣಿಸಿ ಬರೆದಿದ್ದು ನೋಡಿ ಖುಷಿಯಾಯಿತು. ಹೆಚ್ಚಿನವರು ‘ಸರಿಯಾಗಿ ಆಗ್ತಿಲ್ಲ’ ಅಂತಷ್ಟೇ ಹೇಳುತ್ತಾರೆ. ನಿಮಗೆ 26 ವರ್ಷ, ಮಾರತ್ತಹಳ್ಳಿಯಲ್ಲಿ ಪಿಜಿ, ಈಗೀಗ ನೈಟ್ ಶಿಫ್ಟ್. 41 ದಿನ, 33 ದಿನ, 52 ದಿನ, ಈಗ 48 ದಿನ ಕಳೆದರೂ ಇಲ್ಲ. ಅಮ್ಮ ‘ಉಷ್ಣ ಆಗಿದೆ’ ಅನ್ನುತ್ತಾರೆ, ರೂಮ್‌ಮೇಟ್ ‘ಪಿಸಿಒಡಿ ಇರಬೇಕು’ ಅನ್ನುತ್ತಾಳೆ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬೆಳೆಯದ ತೊಂದರೆ).

ನಾನು ಡಾಕ್ಟರ್ ಅಲ್ಲ. ಹನುಮಂತನಗರದಲ್ಲಿ ಕೂತು ಇದೇ ಗೊಂದಲದಲ್ಲಿ ಒಂದು ವರ್ಷ ಕಳೆದವಳು. ನನ್ನ ಉತ್ತರ: ಹೋಗಿ. ಗಾಬರಿಯಿಂದ ಓಡಬೇಕಾಗಿಲ್ಲ, ಆದರೆ ಈ ವಾರವೇ ಹೋಗಿ. ಗರ್ಭಿಣಿ ಆಗಿರುವ ಸಾಧ್ಯತೆ ಸ್ವಲ್ಪ ಇದ್ದರೂ ನಾಳೆ ಬೆಳಿಗ್ಗೆಯೇ ಮನೆಯಲ್ಲಿ ಕಿಟ್ ಹಾಕಿ ನೋಡಿ. ಡಾಕ್ಟರ್ ಕೂಡ ಮೊದಲು ಅದನ್ನೇ ಕೇಳುತ್ತಾರೆ.

ಲೆಕ್ಕ ಹೀಗೆ. ರಕ್ತ ಕಾಣಿಸಿದ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನದವರೆಗೆ ಒಂದು ಸುತ್ತು. ದೊಡ್ಡವರಿಗೆ ಅದು 21ರಿಂದ 35 ದಿನ ಇದ್ದರೆ ಚಿಂತೆ ಇಲ್ಲ. ಎಲ್ಲರಿಗೂ 28 ಆಗಲೇಬೇಕು ಅಂತೇನೂ ಇಲ್ಲ. ಒಂದು ತಿಂಗಳು ಪರೀಕ್ಷೆ, ಜ್ವರ, ಮನೆಯ ಮದುವೆ ಗಲಾಟೆ ಅಂತ ವಾರ ಮುಂದೆ ಹೋದರೆ ಅದೂ ಪರವಾಗಿಲ್ಲ. ಆದರೆ ನಿಮ್ಮದು ಮತ್ತೆ ಮತ್ತೆ 35 ದಾಟುತ್ತಿದೆ ಅಲ್ವಾ, ಹಾಗಾಗಿ ಸುಮ್ನೆ ಕಾಯಬೇಡಿ ಅಂದೆ.

ಅಂಡ ಬಿಡುಗಡೆ ಆದ ಮೇಲೆ ಹೆಚ್ಚುಕಡಿಮೆ ಎರಡು ವಾರಕ್ಕೆ ಮುಟ್ಟು ಬರುತ್ತದೆ. ಆ ಎರಡು ವಾರ ಅಷ್ಟಾಗಿ ಬದಲಾಗುವುದಿಲ್ಲ. ತಡ ಆಗುವುದು ಅದಕ್ಕೂ ಮೊದಲು. ನಿದ್ದೆ ಕೆಟ್ಟರೆ, ತೂಕ ಸಡನ್ನಾಗಿ ಏರಿದರೆ ಅಥವಾ ಇಳಿದರೆ, ಟೆನ್ಷನ್ ಜಾಸ್ತಿಯಾದರೆ, ಥೈರಾಯ್ಡ್ ಏರುಪೇರಾದರೆ ಅಂಡ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ತಿಂಗಳುಗಟ್ಟಲೆ ಹಾಗೇ ಆದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ, ಆಮೇಲೆ ಒಮ್ಮೆಲೇ ಜೋರಾಗಿ ರಕ್ತ ಹೋಗಬಹುದು. ಮೂರು ತಿಂಗಳು ಮುಟ್ಟೇ ಇಲ್ಲದೆ ಬಿಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಕಥೆ. ನನಗೂ ಎರಡು ತಿಂಗಳು ಆಗದಿದ್ದಾಗ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ಪರೀಕ್ಷೆ ಏನೂ ಇಲ್ಲ, ಐದು ದಿನದ ಮಾತ್ರೆ ಕೊಟ್ಟರು. ಮಾತ್ರೆ ನಿಲ್ಲಿಸಿ ನಾಲ್ಕನೇ ದಿನಕ್ಕೆ ಮುಟ್ಟಾಯಿತು. ವಾಸಿಯಾಯಿತು ಅಂತ ಕುಣಿದೆ. ಮುಂದಿನ ಸಲ ಮತ್ತೆ ಅದೇ ಹಾಡು. ಮೂರನೇ ಸಲ ನಾನೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಗೊಂಡೆ, ಬುದ್ಧಿ ಇಲ್ಲದೆ. ಆ ಮಾತ್ರೆ ಮುಟ್ಟು ಬರಿಸುತ್ತದೆ, ಯಾಕೆ ನಿಂತಿತ್ತು ಅಂತ ಹೇಳುವುದಿಲ್ಲ. ಕೊನೆಗೆ ಇನ್ನೊಬ್ಬ ಡಾಕ್ಟರ್ ‘ಕೂದಲು ಉದುರುತ್ತಾ? ಸುಸ್ತಾ? ಮಲಬದ್ಧತೆ ಇದೆಯಾ?’ ಅಂತ ಕೇಳಿ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಬರೆದರು. ಥೈರಾಯ್ಡ್ ಕಡಿಮೆ ಇತ್ತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ, ಕಾಫಿ ಮಾತ್ರ ಅರ್ಧ ಗಂಟೆ ಬಿಟ್ಟು. ಅದೇ ಕಷ್ಟ! ಕೆಲವು ತಿಂಗಳಲ್ಲಿ ಸರಿಹೋಯಿತು.

ಹಾಗಂತ ನಿಮಗೂ ಥೈರಾಯ್ಡೇ ಇರಬೇಕು ಅಂತಲ್ಲ. ಪಿಸಿಒಡಿಯೂ ಇರಬಹುದು, ಅದು ತುಂಬಾ ಜನರಿಗೆ ಇದೆ. ಆದರೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ನೀರುಗುಳ್ಳೆ’ ಅಂತ ಬಂದ ಮಾತ್ರಕ್ಕೆ ಪಿಸಿಒಡಿ ಆಗುವುದಿಲ್ಲ. ಅವು ನಿಜಕ್ಕೂ ಗುಳ್ಳೆಗಳಲ್ಲ, ಪೂರ್ತಿ ಬೆಳೆಯದೆ ನಿಂತ, ಒಳಗೆ ಅಂಡ ಇರುವ ಪುಟ್ಟ ಚೀಲಗಳು. ಏನೂ ತೊಂದರೆ ಇಲ್ಲದ ಹುಡುಗಿಯರಲ್ಲೂ ಕಾಣುತ್ತವೆ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಮಾಡಿದ ಸೂತ್ರದ ಪ್ರಕಾರ ಮೂರರಲ್ಲಿ ಎರಡಾದರೂ ಇರಬೇಕು: ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಹೆಚ್ಚಾದ ಗುರುತು (ಗಲ್ಲದ ಮೇಲೆ ಕೂದಲು, ಬಿಡದ ಮೊಡವೆ, ಅಥವಾ ರಕ್ತಪರೀಕ್ಷೆ), ಮತ್ತೆ ಸ್ಕ್ಯಾನಿಂಗ್‌ನಲ್ಲಿ ಇಂಥ ‘ಗುಳ್ಳೆ’ಗಳು ತುಂಬಾ ಕಾಣುವುದು. ಅದಕ್ಕೂ ಮೊದಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ನೋಡಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ರೂಮ್‌ಮೇಟ್‌ಗೆ ಇದನ್ನು ಓದಿ ಹೇಳಿ. ಮುಟ್ಟು ಬರಲಿ ಅಂತ ಅಮ್ಮ ಎಳ್ಳುಂಡೆ ಕೊಟ್ಟರೆ ತಿನ್ನಿ, ರುಚಿಗೆ ಅಷ್ಟೇ.

ಇನ್ನೊಂದು ವಿಷಯ. ಡಾಕ್ಟರ್ ‘ಮದುವೆ ಆಗಿದೆಯಾ?’ ಅಂತ ಕೇಳಿದರೆ, ಎಷ್ಟೋ ಸಲ ಅದರ ಅರ್ಥ ‘ದೈಹಿಕ ಸಂಬಂಧ ಇದೆಯಾ?’ ಅಂತ. ಮದುವೆ ಆಗಿಲ್ಲದಿದ್ದರೂ ಅದಕ್ಕೆ ನಿಜವಾದ ಉತ್ತರ ಕೊಡಿ. ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡಿದ್ದರೂ, ಯಾವುದೋ ಪೂಜೆಗೆ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೂ ಹೇಳಿ. ಅವೂ ಲೆಕ್ಕ ತಪ್ಪಿಸುತ್ತವೆ. ಸಂಕೋಚ ಅನಿಸಿದರೆ ಜೊತೆಗೆ ಬಂದವರನ್ನು ಹೊರಗೆ ಕೂರಲು ಹೇಳಿ.

ಈ ವಾರದವರೆಗೂ ಕಾಯದೆ ಆ ದಿನವೇ ಹೋಗಬೇಕಾದ್ದೂ ಇದೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆಯಾದರೂ ನಿಲ್ಲದಿದ್ದರೆ, ತಲೆ ಸುತ್ತಿ ಬಿದ್ದರೆ, ಮುಟ್ಟು ತಪ್ಪಿದಾಗ ಕೆಳಹೊಟ್ಟೆಯ ಒಂದೇ ಕಡೆ ತಡೆಯಲಾರದ ನೋವು ಬಂದರೆ ಎಮರ್ಜೆನ್ಸಿಗೆ ಹೋಗಿ. ಎರಡು ಮುಟ್ಟಿನ ನಡುವೆ ಅಥವಾ ಸಂಬಂಧದ ನಂತರ ರಕ್ತ ಕಂಡರೆ, ಎಂಟು ದಿನವಾದರೂ ನಿಲ್ಲದಿದ್ದರೆ ಅಷ್ಟು ತುರ್ತಲ್ಲ, ಆದರೂ ತೋರಿಸಬೇಕು.

ದುಡ್ಡಿನ ಚಿಂತೆ ಇದ್ದರೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಿವೆ: ಜಯನಗರ ಜನರಲ್, ಮಲ್ಲೇಶ್ವರದ ಕೆ.ಸಿ. ಜನರಲ್, ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿವಿಲಾಸ, ಎಲ್ಲೆಡೆ ಹೆಂಗಸರ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ. ದಿನಾಂಕ ಬರೆದ ಚೀಟಿ ಮರೆಯಬೇಡಿ. ಹೊಟ್ಟೆ ಮೇಲಿಂದ ಸ್ಕ್ಯಾನಿಂಗ್ ಮಾಡಲು ಮೂತ್ರಕೋಶ ತುಂಬಿರಬೇಕು ಅನ್ನುತ್ತಾರೆ. ನಾನು ಮನೆಯಲ್ಲೇ ಒಂದು ಲೀಟರ್ ನೀರು ಕುಡಿದು ಆಟೋ ಹತ್ತಿದೆ. ನಮ್ಮ ರಸ್ತೆ ಗುಂಡಿಗಳು, ಮೇಲೆ ಸಿಗ್ನಲ್ಲು, ಕೇಳಬೇಡಿ. ನೀವು ಅಲ್ಲಿಗೆ ಹೋಗಿ, ಟೋಕನ್ ತಗೊಂಡ ಮೇಲೆ ಕುಡಿಯಿರಿ.