ಫೈರ್‌ವಾಲ್‌ನಲ್ಲಿ ಓಎಸ್‌ಪಿಎಫ್: ಪಕ್ಕದ ರೂಟರ್ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನಮ್ಮ ಶಾಖಾ ಕಚೇರಿಯ ಫೈರ್‌ವಾಲ್‌ನಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ಮಾರ್ಗಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವ ಪ್ರೋಟೊಕಾಲ್) ಅಳವಡಿಸಿದ್ದೇವೆ. ಟಿಸಿಪಿ, ಯುಡಿಪಿ ಪೋರ್ಟ್‌ಗಳನ್ನೆಲ್ಲ ತೆರೆದರೂ ಪಕ್ಕದ ರೂಟರ್‌ನೊಂದಿಗೆ ಸಂಬಂಧ ಏರ್ಪಡುತ್ತಿಲ್ಲ. ಕಾರಣವೇನು?

ಉತ್ತರ: ಓಎಸ್‌ಪಿಎಫ್ ಟಿಸಿಪಿಯನ್ನಾಗಲಿ ಯುಡಿಪಿಯನ್ನಾಗಲಿ ಬಳಸದೆ, ಐಪಿಯ ಮೇಲೆ ನೇರವಾಗಿ 89ನೆಯ ಪ್ರೋಟೊಕಾಲ್ ಆಗಿ ಸಾಗುವುದರಿಂದ ಪೋರ್ಟ್‌ಗಳನ್ನು ತೆರೆದು ಪ್ರಯೋಜನವಿಲ್ಲ, ಆ ಪ್ರೋಟೊಕಾಲನ್ನೂ 224.0.0.5 ಮತ್ತು 224.0.0.6 ಎಂಬ ಮಲ್ಟಿಕಾಸ್ಟ್ (ಒಂದೇ ಬಾರಿಗೆ ಹಲವು ರೂಟರ್‌ಗಳನ್ನು ತಲುಪುವ) ವಿಳಾಸಗಳನ್ನೂ, ರೂಟರ್ ಇರುವ ಇಂಟರ್‌ಫೇಸ್‌ನಲ್ಲಿ ಮಾತ್ರ, ನಿಯಮದ ಮೂಲಕ ಅನುಮತಿಸಬೇಕು. ಏರಿಯಾ ಸಂಖ್ಯೆ, ಸಬ್‌ನೆಟ್ ಮಾಸ್ಕ್, ಹಲೋ ಅವಧಿ (ಹಲೋ ಸಂದೇಶಗಳ ನಡುವಿನ ಅಂತರ) ಮತ್ತು ಡೆಡ್ ಅವಧಿ (ಹಲೋ ಬಾರದಿದ್ದರೆ ಪಕ್ಕದ ರೂಟರ್ ನಿಂತಿದೆ ಎಂದು ಎಣಿಸುವ ಅವಧಿ) ಎರಡೂ ಕಡೆ ಒಂದೇ ಆಗಿರಲಿ. ಸಂಬಂಧವು ಎಕ್ಸ್‌ಸ್ಟಾರ್ಟ್ ಹಂತದಲ್ಲೇ (ಮಾಹಿತಿ ವಿನಿಮಯ ಶುರುವಾಗುವ ಹಂತ) ನಿಂತರೆ, ಸಾಮಾನ್ಯವಾಗಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ವ್ಯತ್ಯಾಸವೇ ಕಾರಣವಾಗಿರುತ್ತದೆ.

ಇನ್ನೊಂದು ಮಾತನ್ನು ನೀವು ಕೇಳಿಲ್ಲವಾದರೂ ಹೇಳಲೇಬೇಕು: ಓಎಸ್‌ಪಿಎಫ್ ರೂಟರ್‌ಗಳ ನಡುವಿನ ದೃಢೀಕರಣವನ್ನು ಕೈಬಿಡಬೇಡಿ, ಸಿಬ್ಬಂದಿಯ ಕಂಪ್ಯೂಟರ್‌ಗಳಿರುವ ಇಂಟರ್‌ಫೇಸನ್ನು ಪ್ಯಾಸಿವ್ (ಓಎಸ್‌ಪಿಎಫ್ ಸಂಬಂಧ ಬೆಳೆಸದಂತೆ) ಮಾಡಿ, ಇಲ್ಲವಾದರೆ ಅಲ್ಲಿಂದ ಯಾರಾದರೂ ಸುಳ್ಳು ಮಾರ್ಗಗಳನ್ನು ಘೋಷಿಸಿ ನಿಮ್ಮ ದತ್ತಾಂಶವನ್ನು ತಮ್ಮತ್ತ ತಿರುಗಿಸಿಕೊಳ್ಳಬಲ್ಲರು.