ತೆಂಗಿನ ತೋಟದಲ್ಲಿ ಹುಲ್ಲು ಹೊಡೆಯೋಕೆ ಹಳೆ ಮಿನಿ ಟ್ರ್ಯಾಕ್ಟರ್: ಯಾವುದು, ಏನು ನೋಡಿ ತಗೋಬೇಕು

ಅಣ್ಣ, ನೀವು ಕೇಳಿರೋದು ಇದು: ತಿಪಟೂರು ಕಡೆ ಮೂರೂವರೆ ಎಕರೆ ತೆಂಗು, 30 ಅಡಿ ಅಂತರ. ಉಳುಮೆ ನಿಲ್ಲಿಸಿ, ಹುಲ್ಲು ಕತ್ತರಿಸಿ ಅಲ್ಲೇ ಮುಚ್ಚಿಗೆ ಬಿಡಬೇಕು. ನೋಡಿರೋ ಹಳೆ ಗಾಡಿಗಳು ಮೂರು: 15 ಎಚ್‌ಪಿ ಒಂಟಿ ಸಿಲಿಂಡರ್, 24 ಎಚ್‌ಪಿ ಫೋರ್ ವೀಲ್ ಡ್ರೈವ್, 39 ಎಚ್‌ಪಿ ದೊಡ್ಡದು. ನನ್ನ ಉತ್ತರ 24 ಎಚ್‌ಪಿದು, ಆದರೆ ಅದು ಗದ್ದೆ ಕೆಸರಲ್ಲಿ ದುಡಿದ ಗಾಡಿ ಆಗಿರಬಾರದು.

ಉಳುಮೆಗೆ ಎಳೆಯೋ ಶಕ್ತಿ ಬೇಕು. ಸ್ಲಾಷರ್‌ಗೆ, ಅಂದ್ರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಬ್ಲೇಡ್ ತಿರುಗಿಸಿ ಹುಲ್ಲು ಹೊಡೆಯೋ ಉಪಕರಣಕ್ಕೆ, ಬೇಕಾಗಿರೋದು ಪಿಟಿಒ ಶಾಫ್ಟ್ (ಎಂಜಿನ್ ಶಕ್ತಿಯನ್ನ ಹಿಂದಿನ ಉಪಕರಣಕ್ಕೆ ಕೊಡೋ ದಂಡ) ತಿರುಗಿಸೋ ಶಕ್ತಿ. ಸ್ಲಾಷರಿನ ಒಂದು ಅಡಿ ಅಗಲಕ್ಕೆ ಸುಮಾರು 5 ಪಿಟಿಒ ಎಚ್‌ಪಿ ಲೆಕ್ಕ ಇಟ್ಕೊಳ್ಳಿ. ಎಂಜಿನ್ ಎಚ್‌ಪಿಯಲ್ಲಿ ಪಿಟಿಒವರೆಗೆ ಬರೋದು ನೂರಕ್ಕೆ 80-85. ಹಾಗಾಗಿ ಮಹೀಂದ್ರಾ ಯುವರಾಜ್ 215, ಸ್ವರಾಜ್ 717 ತರದ 15 ಎಚ್‌ಪಿ ಗಾಡಿಗೆ ಎರಡೂವರೆ ಅಡಿ ಸ್ಲಾಷರೇ ಮಿತಿ. ಸೊಂಟದೆತ್ತರ ಹಸಿ ಹುಲ್ಲಿಗೆ 4 ಅಡಿಯದ್ದು ಹಾಕಿದರೆ ಹೆಜ್ಜೆ ಹೆಜ್ಜೆಗೂ ಎಂಜಿನ್ ಕೂರುತ್ತೆ. ಕುಬೋಟಾ ನಿಯೋಸ್ಟಾರ್ ಬಿ2441, ಮಹೀಂದ್ರಾ ಜಿವೊ 245 ತರದ 24 ಎಚ್‌ಪಿ ಗಾಡಿ 4 ಅಡಿ ಸ್ಲಾಷರ್ ನಡೆಸುತ್ತೆ. ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗದಲ್ಲಿ, ತಿರುವು ಎಲ್ಲಾ ಸೇರಿ ಎಕರೆಗೆ ಒಂದೂಕಾಲು ಗಂಟೆ. ನಿಮ್ಮ ತೋಟ ಬೆಳಗ್ಗೆ ಶುರು ಮಾಡಿದ್ರೆ ಮಧ್ಯಾಹ್ನದೊಳಗೆ ಮುಗಿಯುತ್ತೆ. 39 ಎಚ್‌ಪಿಗೆ ಶಕ್ತಿ ಧಾರಾಳ, ಆದರೆ ತೂಕ ಒಂದೂಮುಕ್ಕಾಲು ಟನ್ ಆಸುಪಾಸು. ಮಣ್ಣು ಸಡಿಲ ಆಗ್ಲಿ ಅಂತ ಉಳುಮೆ ಬಿಟ್ಟು, ಮಳೆಗಾಲದ ಹಸಿ ನೆಲದ ಮೇಲೆ ಅಷ್ಟು ಭಾರ ಓಡಿಸಿದ್ರೆ ಮಾಡಿದ್ದೆಲ್ಲ ವ್ಯರ್ಥ. ಟ್ರೈಲರ್ ಕೆಲಸವೂ ತುಂಬಾ ಇದ್ದರೆ ಮಾತ್ರ ಅದನ್ನ ಯೋಚಿಸಿ.

ಗದ್ದೆ ಗಾಡಿ ಯಾಕೆ ಬೇಡ ಅಂದ್ರೆ, ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿ ಕೆಸರಲ್ಲಿ ಓಡಿಸಿದಾಗ ಮುಂದಿನ ಆಕ್ಸಲ್ ಸೀಲ್‌ಗಳಿಗೆ ಕೆಸರು ಉಜ್ಜಿ, ನೀರು ಒಳಗೆ ಇಳಿಯುತ್ತೆ. ಫೋರ್ ವೀಲ್ ಗಾಡಿಯಲ್ಲಿ ಅಲ್ಲಿರೋ ಗೇರ್, ಬೇರಿಂಗ್ ತುಕ್ಕು ಹಿಡಿಯುತ್ತೆ, ರಿಪೇರಿ ದುಬಾರಿ. ಮುಂದಿನ ಆಕ್ಸಲ್ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿಸಿ. ಮೊದಲು ನೀರು ಬಂದ್ರೆ, ಅಥವಾ ಎಣ್ಣೆ ಹಾಲು ಕಲಸಿದ ಹಾಗಿದ್ರೆ, ಅಲ್ಲಿಗೇ ಕೈ ಬಿಡಿ. ಗೇರ್‌ಬಾಕ್ಸ್ ಡಿಪ್‌ಸ್ಟಿಕ್ಕಲ್ಲೂ ಇದೇ ಪರೀಕ್ಷೆ. ಟೈರ್ ಸೈಜನ್ನೂ ಕಂಪನಿ ಕೊಟ್ಟ ಸೈಜಿಗೆ ಹೋಲಿಸಿ. ಮುಂದೆ ಒಂದು, ಹಿಂದೆ ಒಂದು ಅಂತ ಬದಲಾಯಿಸಿದ್ರೆ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಚಕ್ರ ಒಂದಕ್ಕೊಂದು ಜಗ್ಗಾಡಿ ಗೇರ್ ತಿನ್ನುತ್ತೆ.

ನೋಡೋಕೆ ಹೋಗೋ ದಿನ, ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಿ. ಸ್ಟಾರ್ಟ್ ಆದ ಮೇಲೂ ನೀಲಿ ಹೊಗೆ ನಿಲ್ಲದಿದ್ರೆ ಎಂಜಿನ್ ಆಯಿಲ್ ಉರೀತಿದೆ. ಬಿಸಿ ಆದ ಮೇಲೆ ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದ್ರೆ ರಿಂಗ್, ಲೈನರ್ ಸವೆದಿದೆ. ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರ್ ನಂಬೋಕೆ ಆಗಲ್ಲ. ಕ್ಲಚ್ ಪೆಡಲ್ ರಬ್ಬರ್, ಹಿಂದೆ ಉಪಕರಣ ಎತ್ತೋ ಲಿಫ್ಟ್ ತೋಳಿನ ಪಿನ್ ತೂತು ಎಷ್ಟು ಅಗಲ ಆಗಿದೆ ನೋಡಿ, ನಿಜವಾದ ದುಡಿಮೆ ಅಲ್ಲಿ ಕಾಣುತ್ತೆ.

ಪಿಟಿಒ ಪರೀಕ್ಷೆಗೆ ಜಾಸ್ತಿ ಸಮಯ ಕೊಡಿ. ಎಂಜಿನ್ ನಿಲ್ಲಿಸಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ, ಸುತ್ತ ಎಣ್ಣೆ ಜಿನುಗಿದ್ರೆ ಸೀಲ್. ಆಮೇಲೆ ಮಾರೋರದ್ದೇ ರೋಟವೇಟರ್ (ಪಿಟಿಒದಿಂದ ತಿರುಗಿ ಮಣ್ಣು ಪುಡಿ ಮಾಡೋ ಉಪಕರಣ) ಹಾಕಿಸಿ ಅರ್ಧ ಗಂಟೆ ನೆಲದಲ್ಲಿ ಓಡಿಸಿ. ಹುಲ್ಲು ಹೊಡೆಯೋದು ಅಂದ್ರೆ ಗಂಟೆಗಟ್ಟಲೆ ಒಂದೇ ಸಮನೆ ಪೂರ್ತಿ ಆರ್‌ಪಿಎಂ. ರೇಡಿಯೇಟರ್ ಕಟ್ಟಿಕೊಂಡಿದ್ರೆ ಅರ್ಧ ಗಂಟೆಯಲ್ಲಿ ಎಂಜಿನ್ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗುತ್ತೆ, ರಸ್ತೆಯಲ್ಲಿ ಓಡಿಸಿ ನೋಡಿದ್ರೆ ಅದು ಗೊತ್ತೇ ಆಗಲ್ಲ. ರೋಟವೇಟರ್ ಎತ್ತಿ ಎಂಜಿನ್ ನಿಲ್ಲಿಸಿ. ಹತ್ತು ನಿಮಿಷದೊಳಗೆ ಪೂರ್ತಿ ಇಳಿದು ಬಿಟ್ರೆ ಲಿಫ್ಟಿನ ಸೀಲ್ ಅಥವಾ ವಾಲ್ವ್ ಸೋರ್ತಿದೆ. ಇದು ಬೆಲೆ ಇಳಿಸೋ ದೋಷ, ಬಿಟ್ಟು ಬರೋ ದೋಷ ಅಲ್ಲ.

ಇನ್ನೊಂದು ಪರೀಕ್ಷೆ ಬಹಳ ಜನ ಮಾಡಲ್ಲ. ಬಯಲಲ್ಲಿ ಗಾಡಿ ನಿಧಾನ ಓಡ್ತಾ, ಪಿಟಿಒ ತಿರುಗ್ತಾ ಇರುವಾಗ ಕ್ಲಚ್ ಅರ್ಧ ಒತ್ತಿ. ಗಾಡಿ ನಿಂತು ಪಿಟಿಒ ತಿರುಗ್ತಾನೇ ಇದ್ರೆ ಅದು ಡ್ಯೂಯಲ್ ಕ್ಲಚ್, ಚಕ್ರಕ್ಕೂ ಪಿಟಿಒಗೂ ಒಟ್ಟಿಗೇ ಎಂಜಿನ್ ಸಂಬಂಧ ತಪ್ಪಿದ್ರೆ ಸಿಂಗಲ್ ಕ್ಲಚ್. ಅಂಥ ಗಾಡಿಯಲ್ಲಿ ಭಾರದ ಬ್ಲೇಡ್ ಸುತ್ತೋ ರಭಸವೇ ಗೇರ್‌ಬಾಕ್ಸ್ ಮೂಲಕ ಚಕ್ರ ತಳ್ಳುತ್ತೆ. ನೀವು ಕ್ಲಚ್ ಒತ್ತಿದ್ರೂ ಗಾಡಿ ಮುಂದಕ್ಕೆ ಹೋಗಿ ಮರಕ್ಕೋ ಬೇಲಿಗೋ ಗುದ್ದುತ್ತೆ. ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕ್ಲಚ್ (ಬ್ಲೇಡಿನ ರಭಸ ವಾಪಸ್ ಗಾಡಿಗೆ ಬರದಂತೆ ತಡೆಯೋ ಭಾಗ) ಹಾಕಿಸಿದ್ರೆ ಈ ಅಪಾಯ ಇಲ್ಲ. ದಯವಿಟ್ಟು ಇದನ್ನ ಹಾಕಿಸದೆ ಸ್ಲಾಷರ್ ಓಡಿಸಬೇಡಿ. ಕೆಲವು ಮಿನಿ ಗಾಡಿಗಳಲ್ಲಿ ಪಿಟಿಒಗೆ ನಿಮಿಷಕ್ಕೆ 540 ಸುತ್ತಿನ ವೇಗ ಅಲ್ಲದೆ ಹೆಚ್ಚಿನ ವೇಗದ ಗೇರೂ ಇರುತ್ತೆ. ಸ್ಲಾಷರ್‌ಗೆ 540 ಬಿಟ್ಟು ಬೇರೆ ಹಾಕಿದ್ರೆ ಬ್ಲೇಡ್ ಕಿತ್ತು ಹಾರಬಹುದು.

ಕಾಗದದ ವಿಷಯ: ಆರ್‌ಸಿಯಲ್ಲಿರೋ ಎಂಜಿನ್, ಚಾಸಿ ನಂಬರ್ ಗಾಡಿ ಮೇಲೆ ಕೊರೆದಿರೋದಕ್ಕೆ ತಾಳೆ ಮಾಡಿ. ವರ್ಗಾವಣೆಗೆ ಫಾರ್ಮ್ 29, 30. ಸಾಲ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಅರ್ಜಿ) ಕೈಗೆ ಬಂದ ಮೇಲೇ ಪೂರ್ತಿ ಹಣ ಕೊಡಿ. ಸಹಾಯಧನದಲ್ಲಿ ಕೊಂಡ ಗಾಡಿ ಆದರೆ ಮಾರೋದಕ್ಕೆ ಷರತ್ತು ಇದೆಯಾ ಅಂತ ಮಂಜೂರಾತಿ ಪತ್ರ ಓದಿ.

ಗಾಡಿ ಮನೆಗೆ ಬಂದ ಮೇಲೆ, ಪಿಟಿಒದಿಂದ ಸ್ಲಾಷರ್‌ಗೆ ಜೋಡಿಸೋ ಶಾಫ್ಟ್ (ಒಂದರೊಳಗೊಂದು ಜಾರೋ ಎರಡು ಕೊಳವೆ) ಉದ್ದ ಅಳೆಯಿರಿ. ಸ್ಲಾಷರ್ ಪೂರ್ತಿ ಎತ್ತಿ ಇಳಿಸಿದಾಗ ಒಳ ಕೊಳವೆ ತಳಕ್ಕೆ ಬಡಿದ್ರೆ ಪಿಟಿಒ ಬೇರಿಂಗ್ ಪುಡಿಯಾಗುತ್ತೆ. ಎಲ್ಲಕ್ಕಿಂತ ಗಿಡ್ಡ ಆದಾಗಲೂ ಒಂದು ಇಂಚು ಜಾಗ ಉಳಿಯೋ ಹಾಗೆ ಕತ್ತರಿಸಿ. ಭಾರ ಜಾಸ್ತಿ ಆದಾಗ ತಾನೇ ತುಂಡಾಗಿ ಗೇರ್‌ಬಾಕ್ಸ್ ಉಳಿಸೋ ಶಿಯರ್ ಬೋಲ್ಟ್ ಹೋದ್ರೆ ಅದೇ ಗ್ರೇಡಿನದ್ದೇ ಹಾಕಿ, ಗಟ್ಟಿದು ಹಾಕಿದ್ರೆ ಮುಂದಿನ ಸಲ ಒಡೆಯೋದು ಸ್ಲಾಷರ್ ಗೇರ್‌ಬಾಕ್ಸ್. ಬಿದ್ದ ಗರಿ, ಮಟ್ಟೆ, ಹನಿ ನೀರಾವರಿ ಪೈಪು ಮೊದಲು ಪಕ್ಕಕ್ಕೆ ಎಳೆದು ಹಾಕಿ, ಕತ್ತರಿಸೋ ಎತ್ತರ 3-4 ಇಂಚು ಇಡಿ. ಸುತ್ತ ಯಾರೂ ನಿಂತಿರಬಾರದು, ಕಲ್ಲು ಗುಂಡಿನ ಹಾಗೆ ಹಾರುತ್ತೆ. ಮೊದಲ ಒಂದು ಗಂಟೆ ಆದ ಮೇಲೆ ಎಂಜಿನ್ ನಿಲ್ಲಿಸಿ, ಸ್ಲಾಷರ್ ಕೆಳಗೆ ಮರದ ದಿಮ್ಮಿ ಕೊಟ್ಟು, ಬ್ಲೇಡ್ ನಟ್‌ಗಳನ್ನ ಮತ್ತೊಮ್ಮೆ ಬಿಗಿ ಮಾಡಿ.