ಮೂರ್ತಿಯವರು ಬಂದರು, ರೂಪಾಯಿಯೂ ಬಿದ್ದಿತ್ತು

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. 2013ರ ಜೂನ್‌ನಲ್ಲಿ ನಾರಾಯಣ ಮೂರ್ತಿಯವರು ಇನ್ಫೋಸಿಸ್‌ಗೆ ವಾಪಸ್ ಬಂದರು, ಅವರೊಬ್ಬರಿಂದಲೇ ಕಂಪನಿ ಚೇತರಿಸಿಕೊಂಡಿತು ಅನ್ನೋದು ನಿಮ್ಮ ವಾದ. ಬರವಣಿಗೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಅವರು ಬಂದ ಮೇಲೆ ಆದಾಯ ಏರಿತು ಎಂದು ರೂಪಾಯಿ ಲೆಕ್ಕದಲ್ಲಿ ತೋರಿಸಿದ್ದೀರಿ. ಅದೇ ತಿಂಗಳುಗಳಲ್ಲಿ ಇನ್ನೇನು ನಡೀತಿತ್ತು ನೋಡಿ. ಮೇ ಶುರುವಿನಲ್ಲಿ 54 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತ್ತು. ಇನ್ಫೋಸಿಸ್‌ನ ಗಳಿಕೆ ಬಹುಪಾಲು ಡಾಲರ್‌ನಲ್ಲಿ. ಅಮೆರಿಕದ ಗ್ರಾಹಕ ಒಂದು ಡಾಲರ್ ಜಾಸ್ತಿ ಕೊಡದಿದ್ದರೂ ಇಲ್ಲಿನ ಲೆಕ್ಕದಲ್ಲಿ ಮೊತ್ತ ದೊಡ್ಡದಾಗುತ್ತದೆ, ಅಲ್ವಾ? ಟಿಸಿಎಸ್, ವಿಪ್ರೋಗೂ ಈ ಲಾಭ ಸಿಕ್ಕಿತು. ಅಲ್ಲಿ ಯಾರೂ ನಿವೃತ್ತಿಯಿಂದ ಮರಳಿ ಬಂದಿರಲಿಲ್ಲ. ನಿಮ್ಮ ಲೇಖನದಲ್ಲಿ ರೂಪಾಯಿ ಬಿದ್ದ ಮಾತೇ ಇಲ್ಲ.

ಹಾಗಂತ ಮೂರ್ತಿಯವರಿಂದ ಏನೂ ಆಗಲಿಲ್ಲ ಎಂದು ಬರೆಯಬೇಡಿ. ಅದೂ ತಪ್ಪೇ. ಖರ್ಚು ತಗ್ಗಿಸಲು ಅವರು ಪಟ್ಟು ಹಿಡಿದರು. ಅದೇ ಅವಧಿಯಲ್ಲಿ ಹಿರಿಯ ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಬಿಟ್ಟು ಹೋದರು. ಎರಡೂ ಬರಲಿ. 1972ರಲ್ಲಿ ಲೀಬರ್‌ಸನ್ ಮತ್ತು ಓಕಾನರ್ ಎಂಬ ಸಂಶೋಧಕರು ಅಮೆರಿಕದ 167 ಕಂಪನಿಗಳನ್ನು ಅಧ್ಯಯನ ಮಾಡಿದ್ದರು. ಮಾರಾಟ ಮತ್ತು ಲಾಭದ ಏರಿಳಿತಕ್ಕೆ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನೋದಕ್ಕಿಂತ ಆ ಉದ್ಯಮದ ಸ್ಥಿತಿ, ಆ ಕಂಪನಿಯ ಸ್ವಭಾವವೇ ಹೆಚ್ಚು ಕಾರಣವಾಗಿತ್ತು. ಆದರೆ ನೂರು ರೂಪಾಯಿ ವ್ಯಾಪಾರದಲ್ಲಿ ಉಳಿಯುವ ಲಾಭವೆಷ್ಟು ಎಂದು ನೋಡಿದಾಗ ನಾಯಕರ ಪಾತ್ರ ಚೆನ್ನಾಗಿಯೇ ಕಂಡಿತು. ಹಾಗಾಗಿ ‘ಕಂಪನಿ ಚೇತರಿಸಿತು’ ಅಂದರೆ ಸಾಲದು. ಯಾವ ಲೆಕ್ಕದಲ್ಲಿ ಅಂತ ಹೇಳಿ.

ನಿಮ್ಮ ಆರನೇ ಪುಟದಲ್ಲಿ ಒಂದು ಸಂಗತಿ ಇದೆ. ಶನಿವಾರ ಸುದ್ದಿ ಬಂತು. ಸೋಮವಾರ ನಿಮ್ಮ ಸಹೋದ್ಯೋಗಿಯೊಬ್ಬರು ಕ್ಯಾಂಟೀನ್‌ನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಮೂರ್ತಿಯವರು ಇನ್ನೂ ಕೆಲಸ ಶುರು ಮಾಡಿದ್ದರಷ್ಟೇ! ನನಗೆ ತುಂಬಾ ಹಿಡಿಸಿದ್ದು ಇದು. ಫಲಿತಾಂಶ ತೀರಾ ಒಳ್ಳೆಯದಿದ್ದಾಗ ಅಥವಾ ತೀರಾ ಕೆಟ್ಟದ್ದಿದ್ದಾಗ ಜನ ಅದನ್ನು ನಾಯಕನ ತಲೆಗೆ ಕಟ್ಟುತ್ತಾರೆ ಎಂದು ಮೈಂಡಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು 1985ರಲ್ಲಿ ತೋರಿಸಿದ್ದರು. ನಿಮ್ಮ ಗೆಳೆಯರು ಫಲಿತಾಂಶಕ್ಕೂ ಕಾಯಲಿಲ್ಲ. ಯಾಕೆ? ಅವರಿಗಿದ್ದ ಭಯ ಏನು, ಆಸೆ ಏನು? ಇದನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ಲೇಖನ ಅಲ್ಲಿಂದಲೇ ಶುರುವಾಗಲಿ. ಆ ಸಹೋದ್ಯೋಗಿಯನ್ನು ಮತ್ತೆ ಮಾತಾಡಿಸಿ. 2014ರಲ್ಲಿ ವಿಶಾಲ್ ಸಿಕ್ಕಾ ಕಂಪನಿಯ ಸಿಇಒ ಆಗಿ ಬಂದಾಗ, 2017ರಲ್ಲಿ ಅವರು ರಾಜೀನಾಮೆ ಕೊಟ್ಟು ನಂದನ್ ನಿಲೇಕಣಿ ಮರಳಿದಾಗ ಏನನ್ನಿಸಿತ್ತು ಅಂತಲೂ ಕೇಳಿ. ‘ಮಾಂತ್ರಿಕ ಸ್ಪರ್ಶ’ ಅನ್ನುವ ಕೊನೆಯ ಭಾಗ ಪೂರ್ತಿ ತೆಗೆದುಬಿಡಿ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ